ಒಸರುವ ಸೀಲು, ಸೋರುವ ಸೀಲು: ಬೀಟಲ್ ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ರಾತ್ರಿ ನಿಂತಿದ್ದ ಜಾಗದಲ್ಲಿ ಬೆಳಗ್ಗೆ ಒಂದು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ಇದನ್ನು ಕಂಡ ಮಾಲೀಕರಲ್ಲಿ ಕೆಲವರು ಅದೇ ವಾರ ಇಂಜಿನ್ ಇಳಿಸಿಸುತ್ತಾರೆ. ಇನ್ನು ಕೆಲವರು ‘ಹಳೇ ಗಾಡಿ ಅಂದಮೇಲೆ ಎಣ್ಣೆ ಬಿಡದೆ ಇರುತ್ತಾ’ ಎಂದು ಕೆಳಗೊಂದು ರಟ್ಟು ಹಾಸಿ ಸುಮ್ಮನಾಗುತ್ತಾರೆ. ಇಬ್ಬರೂ ನೋಡಿದ್ದು ಕಲೆಯನ್ನು ಮಾತ್ರ. ಆ ಎಣ್ಣೆ ಯಾವ ಬಾಯಿಂದ ಹೊರಟಿತು, ನೆಲ ಸೇರುವ ಮುನ್ನ ಏನನ್ನು ಮುಟ್ಟಿತು ಎಂದು ಇಬ್ಬರೂ ಕೇಳಲಿಲ್ಲ. ಸೀಲು, ಅಂದರೆ ತಿರುಗುವ ಶಾಫ್ಟಿನ (ದಂಡದ) ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ, ಬದಲಿಸಬೇಕೋ ಬೇಡವೋ ಎಂಬುದು ಇತ್ಯರ್ಥವಾಗುವುದು ಈ ಎರಡು ಪ್ರಶ್ನೆಗಳಲ್ಲಿ.

ಎಣ್ಣೆ ಹೊರಬರುವುದನ್ನು ಅಳೆಯಲು ನಮ್ಮ ಭಾಷೆಯಲ್ಲೇ ಒಳ್ಳೆಯ ಮೆಟ್ಟಿಲುಗಳಿವೆ. ಸೀಲಿನ ಸುತ್ತ ತೇವ ಕಂಡು ಅದಕ್ಕೆ ದೂಳು ಅಂಟಿದ್ದರೆ ಒಸರುತ್ತಿದೆ. ಒರೆಸಿದ ಜಾಗ ಒಂದೆರಡು ದಿನದಲ್ಲಿ ಮತ್ತೆ ಒದ್ದೆಯಾದರೆ ಜಿನುಗುತ್ತಿದೆ. ಹನಿ ಕಟ್ಟಿ ಬಿದ್ದರೆ ತೊಟ್ಟಿಕ್ಕುತ್ತಿದೆ. ಗಾಡಿ ನಿಂತಲ್ಲೆಲ್ಲ ಗೆರೆ ಬಿಟ್ಟರೆ ಸೋರುತ್ತಿದೆ. ಒಸರುವುದು ಅರವತ್ತು ವರ್ಷದ ಗೇರ್‌ಬಾಕ್ಸಿನ ಸಹಜ ಸ್ಥಿತಿ ಎಂದೇ ನನ್ನ ಅಭಿಪ್ರಾಯ. ಆಯಿಲ್ ಸೀಲಿನ ತುಟಿ ಶಾಫ್ಟನ್ನು ಒಣಗಿದಂತೆ ಉಜ್ಜುತ್ತಾ ಕೂರುವುದಿಲ್ಲ. ತುಟಿಗೂ ಲೋಹಕ್ಕೂ ನಡುವೆ ಬಲು ತೆಳುವಾದ ಎಣ್ಣೆಯ ಪದರ ಇರಲೇಬೇಕು, ಇಲ್ಲದಿದ್ದರೆ ರಬ್ಬರು ಸುಟ್ಟುಹೋಗುತ್ತದೆ.

ಲೆಕ್ಕಕ್ಕೂ ಬರೋಣ. ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ದಿನಕ್ಕೆ ಹತ್ತು ಹನಿ ಬಿದ್ದರೂ ವರ್ಷಕ್ಕೆ ಹೋಗುವುದು 180 ಮಿಲಿಲೀಟರ್ ಚಿಲ್ಲರೆ. ಬೀಟಲ್ ಗೇರ್‌ಬಾಕ್ಸಿಗೆ ಎಣ್ಣೆ ಬದಲಿಸುವಾಗ ಹಿಡಿಸುವುದು 2.5 ಲೀಟರ್. ಅಂದರೆ ಆರು ತಿಂಗಳಿಗೊಮ್ಮೆ ಮಟ್ಟ ನೋಡಿ ತುಂಬುವವರ ಗೇರುಗಳಿಗೆ ಈ ಸೋರಿಕೆಯಿಂದ ಏನೂ ಆಗುವುದಿಲ್ಲ. ಆದರೆ ಅದೇ ಹತ್ತು ಹನಿ ಕ್ಲಚ್ ಪ್ಲೇಟಿನ ಮೇಲೋ ಬ್ರೇಕ್ ಶೂ ಮೇಲೋ ಬೀಳುತ್ತಿದ್ದರೆ ಹನಿ ಎಣಿಸುವುದರಲ್ಲಿ ಅರ್ಥವಿಲ್ಲ.

ಬೀಟಲ್‌ನಲ್ಲಿ ಇಂಜಿನ್ ಹಿಂದೆ, ಅದರ ಮುಂದಕ್ಕೆ ಗೇರ್‌ಬಾಕ್ಸ್, ಗೇರ್‌ಬಾಕ್ಸಿನೊಳಗೇ ಎಡಬಲದ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್. ಎರಡಕ್ಕೂ ಒಂದೇ ಎಣ್ಣೆ. ಸ್ವಿಂಗ್ ಆಕ್ಸಲ್ (ಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ಕೊಳವೆಯೊಳಗಿನ ಆಕ್ಸಲ್) ಇರುವ ಗಾಡಿಗಳಲ್ಲಿ ಆ ಎಣ್ಣೆ ಎಡಬಲದ ಆಕ್ಸಲ್ ಕೊಳವೆಗಳಲ್ಲಿ ಹರಿದು ಹಿಂದಿನ ಚಕ್ರದ ಬೇರಿಂಗುಗಳಿಗೂ ಜೀವ ಕೊಡುತ್ತದೆ. ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ 1969ರ ಮಾದರಿಯಿಂದ ಸ್ವಿಂಗ್ ಆಕ್ಸಲ್ ಹೋಗಿ ಪಕ್ಕಕ್ಕೆ ಎರಡೆರಡು ಸಿವಿ ಜಾಯಿಂಟಿನ (ಬಾಗಿದರೂ ಸಮವಾಗಿ ತಿರುಗುವ ಕೀಲಿನ) ಹಿಂಬದಿ ಬಂತು. ಯುರೋಪಿನ ಸಾದಾ 1200, 1300 ಮಾದರಿಗಳಲ್ಲಿ ಸ್ವಿಂಗ್ ಆಕ್ಸಲ್ ಮುಂದುವರಿಯಿತು. ನಿಮ್ಮದು ಯಾವುದೆಂದು ಮೊದಲು ಬಗ್ಗಿ ನೋಡಿ. ಗೇರ್‌ಬಾಕ್ಸಿನ ಎರಡು ಪಕ್ಕದಲ್ಲಿ ಅಕಾರ್ಡಿಯನ್ನಿನಂತೆ ಮಡಿಕೆ ಮಡಿಕೆಯಾದ ದೊಡ್ಡ ರಬ್ಬರ್ ಬೂಟು, ಅಲ್ಲಿಂದ ಚಕ್ರದವರೆಗೆ ದಪ್ಪ ಕೊಳವೆ ಇದ್ದರೆ ಸ್ವಿಂಗ್ ಆಕ್ಸಲ್.

ಎಣ್ಣೆ ಹೊರಬರುವ ಜಾಗಗಳು ಹೀಗೆ: ಇಂಜಿನ್ ಕಡೆಗೆ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನೊಳಗೆ, ಇಂಜಿನ್ನಿನ ಶಕ್ತಿ ಒಳತರುವ ಇನ್‌ಪುಟ್ ಶಾಫ್ಟಿನ ಸೀಲು, ಪಕ್ಕಗಳಲ್ಲಿ ಆಕ್ಸಲ್ ಬೂಟುಗಳು ಮತ್ತು ಅವುಗಳ ಹಿಂದಿನ ಗ್ಯಾಸ್ಕೆಟ್ಟು, ಕೊಳವೆಯ ತುದಿಯಲ್ಲಿ ಚಕ್ರದ ಸೀಲು, ತೀರ ಮುಂದೆ ಮೂತಿಯಲ್ಲಿ ಗೇರ್ ರಾಡ್ ಒಳಹೋಗುವ ತೂತು. ಸಿವಿ ಜಾಯಿಂಟಿನ ಗಾಡಿಯಲ್ಲಿ ಬೂಟಿನ ಬದಲು ಪಕ್ಕಗಳಲ್ಲಿ ಫ್ಲ್ಯಾಂಜ್ ಸೀಲು, ಅದರ ಚಕ್ರದ ಬೇರಿಂಗಿಗೆ ಬೇರೆ ಗ್ರೀಸು.

ಇನ್ನು ಪತ್ತೆ. ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಮೂಸಿ. ಗೇರ್ ಆಯಿಲಿಗೆ ಗಂಧಕದ ಘಾಟು, ಜೇನಿನಂಥ ಅಂಟು. ಇಂಜಿನ್ ಆಯಿಲ್ ತೆಳು, ಕಪ್ಪು, ಸುಟ್ಟ ವಾಸನೆ. ಇಷ್ಟು ಸಣ್ಣ ಪರೀಕ್ಷೆ ಎಷ್ಟೋ ಗೇರ್‌ಬಾಕ್ಸನ್ನು ಸುಳ್ಳು ಆರೋಪದಿಂದ ಪಾರುಮಾಡುತ್ತದೆ, ಏಕೆಂದರೆ ಬೆಲ್ ಹೌಸಿಂಗಿನ ಕೆಳಗೆ ತೊಟ್ಟಿಕ್ಕುವುದು ಬಹಳ ಸಲ ಇಂಜಿನ್ ಆಯಿಲ್. ಫ್ಲೈವೀಲಿನ (ಕ್ಲಚ್ ಕೂರುವ, ಇಂಜಿನ್ ತುದಿಯ ಭಾರದ ಚಕ್ರದ) ಹಿಂದಿನ ಸೀಲಿನಿಂದಲೋ, ಕ್ಯಾಮ್‌ಶಾಫ್ಟ್ ತುದಿಯ ಮುಚ್ಚಳದಿಂದಲೋ, ಮೇಲಿನ ಆಯಿಲ್ ಕೂಲರಿನ ರಬ್ಬರಿನಿಂದಲೋ ಹೊರಟ ಎಣ್ಣೆ ಕೊನೆಗೆ ಬಂದು ಸೇರುವ ತಗ್ಗು ಅದು. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ ಗೇರ್‌ಬಾಕ್ಸಿನ ಮೂತಿಯಲ್ಲಿ ಜಿನುಗಿದ್ದೂ ಹೊಟ್ಟೆಗುಂಟ ಹರಿದು ಅಲ್ಲಿಯೇ ಹನಿಯುತ್ತದೆ. ಹಾಗಾಗಿ ಮೊದಲು ಎಲ್ಲವನ್ನೂ ಸೀಮೆಎಣ್ಣೆ, ಬ್ರಶ್ಶು ಹಾಕಿ ತೊಳೆದು ಒಣಗಿಸಿ. ಅನುಮಾನದ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ಉದುರಿಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತಂದು ಟಾರ್ಚ್ ಹಿಡಿದು ನೋಡಿ. ಪೌಡರಿನ ಮೇಲೆ ಎಣ್ಣೆ ನಡೆದ ದಾರಿ ಗೆರೆ ಎಳೆದಂತೆ ಕಾಣುತ್ತದೆ. ಅದನ್ನು ಮೇಲಕ್ಕೆ ಹಿಂಬಾಲಿಸಿದರೆ ಮೂಲ ಸಿಗುತ್ತದೆ.

ಚಕ್ರದ ಸೀಲಿನ ಮಾತು ಮೊದಲು ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಯೋಚಿಸುವುದೇನೂ ಇಲ್ಲ. ಸ್ವಿಂಗ್ ಆಕ್ಸಲ್ ಗಾಡಿಯ ಹಿಂಚಕ್ರದ ಒಳಮೈಯಲ್ಲಿ ಎಣ್ಣೆಯ ಗೆರೆ, ಬ್ರೇಕಿನ ಹಿಂಬದಿ ತಟ್ಟೆಯ ಕೆಳಗೆ ತೇವ ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಆ ಎಣ್ಣೆ ಡ್ರಮ್ಮಿನೊಳಗೆ ಹೋದರೆ ಬ್ರೇಕು ಒಂದು ಪಕ್ಕಕ್ಕೆ ಎಳೆಯುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ. ಸೀಲು, ಎರಡು ಓ-ರಿಂಗು, ಗ್ಯಾಸ್ಕೆಟ್, ಕಾಟರ್ ಪಿನ್ ಸೇರಿದ ಕಿಟ್ ಸಿಗುತ್ತದೆ. ಸೀಲಿನ ತುಟಿ ಕೂರುವುದು ಶಾಫ್ಟಿನ ಮೇಲಲ್ಲ, ಅದರ ಮೇಲೆ ತೂರಿಸಿದ ಉಕ್ಕಿನ ಬಳೆಯ ಮೇಲೆ. ಉಗುರು ಆಡಿಸಿದಾಗ ಬಳೆಯಲ್ಲಿ ಗೀರು ಸಿಕ್ಕರೆ ಬಳೆಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಸೀಲು ಹಳೆಯದರಂತೆಯೇ ಸೋರುತ್ತದೆ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಾರದು. ಬಿಸಿಯಾದಾಗ ಲೈನಿಂಗು ಒಳಗಿನ ಎಣ್ಣೆಯನ್ನು ಮತ್ತೆ ಉಗುಳುತ್ತದೆ. ಎರಡೂ ಚಕ್ರದ ಶೂಗಳನ್ನು ಒಟ್ಟಿಗೆ ಬದಲಿಸಿ. ಕೊನೆಗೆ ಆಕ್ಸಲ್ಲಿನ 36 ಮಿ.ಮೀ. ನಟ್ಟು: ಅದಕ್ಕೆ ಬೇಕಾದ ಬಿಗಿ ಸುಮಾರು 300 ನ್ಯೂಟನ್ ಮೀಟರ್. 75 ಕಿಲೋ ತೂಕದ ಒಬ್ಬರು 40 ಸೆಂಟಿಮೀಟರ್ ಉದ್ದದ ಅಡ್ಡ ರಾಡಿನ ತುದಿಗೆ ನಿಂತರೆ ಆಗುವಷ್ಟು. ಗಾಡಿ ನೆಲದ ಮೇಲಿರುವಾಗಲೇ ಬಿಗಿಯಬೇಕು. ಕಾಟರ್ ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಮುಂದಕ್ಕೆ ತಿರುಗಿಸಿ ಕೂಡಿಸಿ. ಹಿಂದಕ್ಕೆ ಸಡಿಲಿಸಿದರೆ ಡ್ರಮ್ಮು ಶಾಫ್ಟಿನ ಹಲ್ಲುಗಳನ್ನು ತಿನ್ನುತ್ತಾ ಹೋಗುತ್ತದೆ.

ಆಕ್ಸಲ್ ಬೂಟಿನದು ಬೇರೆ ಬಗೆಯ ಕಷ್ಟ. ರಬ್ಬರಿನ ಮೇಲ್ಮೈಯಲ್ಲಿ ಬಿರುಕು ಬಿಟ್ಟು ಒಳಗೆ ಒಣಗಿದ್ದರೆ ಗುರುತು ಹಾಕಿಟ್ಟು ಕಾಯಬಹುದು. ಸೀಳು ಆರಪಾರ ಹೋಗಿದ್ದರೆ ಕಾಯಬಾರದು. ಎಣ್ಣೆ ಹೊರಹೋಗುವುದಕ್ಕಿಂತ ಹೆಚ್ಚಿನ ಅಪಾಯ ಹೊರಗಿನದು ಒಳಬರುವುದು. ಬೇಸಿಗೆಯಲ್ಲಿ ಬಯಲುಸೀಮೆಯ ಕೆಂಪು ದೂಳು, ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯ ನೀರು ಎರಡೂ ಅದೇ ಸೀಳಿನಿಂದ ನುಗ್ಗುತ್ತವೆ. ಹೊರತೆಗೆದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಹೋಗಿದೆ ಎಂದೇ ಅರ್ಥ.

ಕಾರ್ಖಾನೆಯಿಂದ ಬಂದ ಬೂಟು ಒಂದೇ ತುಂಡಿನದು. ಅಂಥದ್ದನ್ನು ತೂರಿಸಲು ಕೊಳವೆಯ ತುದಿಯ ಬೇರಿಂಗ್ ಫ್ಲ್ಯಾಂಜನ್ನೇ ಕಳಚಬೇಕು. ಅದರಿಂದ ಹೆಚ್ಚಿನವರು ಹಾಕುವುದು ಉದ್ದಕ್ಕೆ ಸೀಳಿ, ಸಣ್ಣ ಸ್ಕ್ರೂಗಳಿಂದ ಸೇರಿಸುವ ಬೂಟು. ಅದನ್ನು ಹೀನಾಯವಾಗಿ ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸರಿಯಾಗಿ ಕೂರಿಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಸೋರುವುದಕ್ಕೆ ಕಾರಣ ಮೂರು ತಪ್ಪುಗಳು. ಒಂದು, ಜೋಡಣೆಯ ಗೆರೆಯನ್ನು ಕೆಳಕ್ಕೋ ಮೇಲಕ್ಕೋ ಇಡುವುದು. ಕೊಳವೆ ಮೇಲೆ ಕೆಳಗೆ ಆಡುವಾಗ ಬೂಟು ಅತಿ ಹೆಚ್ಚು ಹಿಗ್ಗಿ ಕುಗ್ಗುವುದು ಅಲ್ಲಿಯೇ. ಗೆರೆ ಅಡ್ಡವಾಗಿ, ಹಿಂದಕ್ಕೆ ಮುಖಮಾಡಿರಬೇಕು. ಎರಡು, ಗಾಡಿಯನ್ನು ಜಾಕಿಯ ಮೇಲೆ ಎತ್ತಿ ಚಕ್ರ ಜೋತುಬಿದ್ದಿರುವಾಗಲೇ ಕ್ಲಿಪ್ಪು ಬಿಗಿಯುವುದು. ಗಾಡಿ ಇಳಿಸಿದಾಗ ಬೂಟು ತಿರುಚಿಕೊಂಡು ಹರಿಯುತ್ತದೆ. ಸಡಿಲವಾಗಿ ಹಾಕಿ, ಹಿಂಬದಿಯ ಭಾರ ಚಕ್ರದ ಮೇಲೆ ಬಂದ ನಂತರವೇ ಬಿಗಿಯಬೇಕು. ಮೂರನೆಯದು ಅತಿ ಬಿಗಿ. ಸ್ಕ್ರೂ ಹೆಚ್ಚು ತಿರುಗಿಸಿದಷ್ಟೂ ರಬ್ಬರಿನ ಅಂಚು ಅಲೆಯಲೆಯಾಗಿ ಬಾಯಿ ಬಿಡುತ್ತದೆ.

ಬೂಟು ಗಟ್ಟಿಯಾಗಿದ್ದೂ ಅದರ ಬುಡದ ಲೋಹದ ತಟ್ಟೆಯ ಸುತ್ತ ತೇವವಿದ್ದರೆ ತಪ್ಪು ಅಲ್ಲಿನ ಕಾಗದದ ಗ್ಯಾಸ್ಕೆಟ್ಟಿನದು. ಇಲ್ಲಿ ಎಚ್ಚರ ಬೇಕು. ಆ ಗ್ಯಾಸ್ಕೆಟ್ಟಿನ ದಪ್ಪವೇ ಕೊಳವೆಯ ಅಲುಗಾಟವನ್ನು ನಿರ್ಧರಿಸುವುದು. ‘ಇನ್ನೊಂದು ಹಾಕಿದರೆ ಎಣ್ಣೆ ನಿಲ್ಲುತ್ತದೆ’ ಎಂದು ಎರಡು ಮೂರು ಪೇರಿಸಿದರೆ ಕೊಳವೆ ಬುಡದಲ್ಲಿ ಆಡತೊಡಗುತ್ತದೆ. ತೆಗೆದದ್ದು ಎಷ್ಟು ದಪ್ಪವಿತ್ತೋ ಅಷ್ಟನ್ನೇ ಹಾಕಬೇಕು.

ನಿಜವಾದ ತೂಗಾಟ ಇರುವುದು ಇನ್‌ಪುಟ್ ಶಾಫ್ಟ್ ಸೀಲಿನಲ್ಲಿ. ಅಂಗೈಗಿಂತ ಚಿಕ್ಕ ರಬ್ಬರ್ ಬಳೆ, ಬೆಲೆಯೂ ಅಲ್ಪ. ಅದನ್ನು ಮುಟ್ಟಲು ಇಂಜಿನ್ ಇಳಿಸಬೇಕು. ಅದೃಷ್ಟಕ್ಕೆ ಬೀಟಲ್ ಇಂಜಿನ್ನು ಗೇರ್‌ಬಾಕ್ಸಿಗೆ ನಿಂತಿರುವುದು ನಾಲ್ಕೇ ಕಡೆ, 17 ಮಿ.ಮೀ. ಸ್ಪಾನರಿನಲ್ಲಿ ಬಿಚ್ಚುವಂಥದ್ದು. ಆದರೂ ಅದು ನೂರು ಕಿಲೋ ಆಸುಪಾಸಿನ ಭಾರ. ಇಂಜಿನ್ ಇಳಿಸುವ ಪ್ರತಿ ಸಲವೂ ಹಳೆಯ ವೈರು, ಪೆಟ್ರೋಲ್ ಪೈಪು, ತಗಡುಗಳಿಗೆ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ. ಆದ್ದರಿಂದ ಬೆಲ್ ಹೌಸಿಂಗಿನ ಕೆಳಗೆ ಗೇರ್ ಆಯಿಲ್ ಒಸರುತ್ತಿದ್ದು ಕ್ಲಚ್ ಚೆನ್ನಾಗಿ ಹಿಡಿಯುತ್ತಿದ್ದರೆ, ಇಂಜಿನ್ ಇಳಿಸಬೇಡಿ ಎಂದೇ ಹೇಳುತ್ತೇನೆ. ಮುಂದೆ ಎಂದಾದರೂ ಕ್ಲಚ್ ಕೆಲಸಕ್ಕೆ ಇಂಜಿನ್ ಇಳಿದಾಗ ಮಾತ್ರ, ಸೀಲು ಒಣಗಿ ಹೊಳೆಯುತ್ತಿದ್ದರೂ ಬದಲಿಸದೆ ಮೇಲೇರಿಸಬೇಡಿ.

ಕ್ಲಚ್ ಬಿಡುವಾಗ ಗಾಡಿ ದಡದಡ ನಡುಗಿದರೆ, ಏರಿನಲ್ಲಿ ಇಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕಾಯುವಂತಿಲ್ಲ. ಆದರೆ ನಡುಕಕ್ಕೆಲ್ಲ ಎಣ್ಣೆಯೇ ಕಾರಣವಲ್ಲ. ಕ್ಲಚ್ ಕೇಬಲ್ ಗೇರ್‌ಬಾಕ್ಸಿನ ಪಕ್ಕ ಹಾದುಬರುವ ಬಳುಕುವ ಕೊಳವೆಗೆ 25ರಿಂದ 45 ಮಿ.ಮೀ.ನಷ್ಟು ಬಾಗು ಇರಬೇಕು. ಅದು ನೇರವಾಗಿದ್ದರೂ ಇದೇ ನಡುಕ ಬರುತ್ತದೆ. ಗೇರ್‌ಬಾಕ್ಸ್ ಕೂತಿರುವ ರಬ್ಬರ್ ಮೌಂಟು ಹರಿದಿದ್ದರೂ ಬರುತ್ತದೆ. ಪೆಡಲಿನ ಮೊದಲ ಸಡಿಲು 10ರಿಂದ 20 ಮಿ.ಮೀ. ಇದೆಯೇ ನೋಡಿ. ಇವೆಲ್ಲ ಸರಿಯಿದ್ದ ಮೇಲೂ ನಡುಕ ನಿಲ್ಲದಿದ್ದರೆ ಸೀಲಿನ ಕಡೆ ಬನ್ನಿ.

ಇಂಜಿನ್ ಇಳಿಸುವಾಗ ಅದನ್ನು ನೇರ ಹಿಂದಕ್ಕೆ ಸುಮಾರು ಹತ್ತು ಸೆಂಟಿಮೀಟರ್ ಎಳೆದು, ಶಾಫ್ಟಿನಿಂದ ಪೂರ್ತಿ ಬಿಡಿಸಿಕೊಂಡ ನಂತರವೇ ಕೆಳಗಿಳಿಸಬೇಕು. ಅರ್ಧದಲ್ಲಿ ಭಾರ ಶಾಫ್ಟಿನ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ತಿರುಚಿಕೊಳ್ಳುತ್ತದೆ. ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ತೆಗೆಯಿರಿ. 1971ರ ಮಾದರಿಯಿಂದೀಚೆಗೆ ಶಾಫ್ಟಿನ ಸುತ್ತ ಒಂದು ಗೈಡ್ ಕೊಳವೆಯೂ ಇದೆ, ಅದರ ಮೂರು ನಟ್ಟು ಬಿಚ್ಚಿದರೆ ಸೀಲು ಕಾಣುತ್ತದೆ. ಹಳೆಯ ಸೀಲನ್ನು ಕೊಕ್ಕೆಯಂಥ ಸಲಕರಣೆಯಿಂದ ಎಬ್ಬಿಸಿ ತೆಗೆಯುವಾಗ ಶಾಫ್ಟಿಗೂ ಲೋಹದ ಗೂಡಿಗೂ ಗೀರು ಬೀಳಬಾರದು. ಒಂದೇ ಒಂದು ಗೀರು ಬಿದ್ದರೂ ಕೆಲಸವೆಲ್ಲ ವ್ಯರ್ಥ. ಹೊಸದನ್ನು ತೂರಿಸುವ ಮೊದಲು ಶಾಫ್ಟಿನ ಹಲ್ಲುಗಳ ಮೇಲೆ ತೆಳು ಟೇಪು ಸುತ್ತಿ, ಸೀಲಿನ ತುಟಿಗೆ ಗೇರ್ ಆಯಿಲ್ ಸವರಿ. ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ. ಸರಿಯಾದ ಅಳತೆಯ ಪೈಪಿನ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ. ಓರೆಯಾಗಿ ಹೊಡೆದರೆ ತುಟಿಯ ಹಿಂದಿನ ಸಣ್ಣ ಸ್ಪ್ರಿಂಗ್ ಜಿಗಿದು ಬೀಳುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ, ಇಂಜಿನ್ ಏರಿಸಿ ಓಡಿಸಿದಾಗಲೇ ಗೊತ್ತಾಗುವುದು. ಹೊಸ ಸೀಲು ಮೊದಲ ದಿನವೇ ಸೋರಿದರೆ ನಾನು ಮೊದಲು ಅನುಮಾನಿಸುವುದು ಈ ಸ್ಪ್ರಿಂಗನ್ನು.

ಗೇರ್‌ಬಾಕ್ಸಿನ ಸೀಲು ಬದಲಿಸಿ ಎದುರಿಗಿರುವ ಫ್ಲೈವೀಲ್ ಸೀಲನ್ನು ಬಿಟ್ಟರೆ ಅರ್ಧ ಕೆಲಸ. ಆದರೆ ಇಲ್ಲಿಯೂ ಸೀಲನ್ನು ಬೈಯುವ ಮೊದಲು ಕ್ರ್ಯಾಂಕ್‌ಶಾಫ್ಟಿನ ಹಿಂದುಮುಂದಿನ ಆಟ ಅಳೆಯಬೇಕು. ಅದು 0.07ರಿಂದ 0.13 ಮಿ.ಮೀ. ಒಳಗಿರಬೇಕು, 0.15 ಕೊನೆಯ ಮಿತಿ. ಪುಲ್ಲಿಯನ್ನು ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದು ಕೈಗೆ ತಗುಲಿದರೆ ಆಟ ಹೆಚ್ಚಿದೆ. ಹಾಗೆ ಓಡಾಡುವ ಶಾಫ್ಟಿನ ಮುಂದೆ ಎಂಥ ಸೀಲೂ ನಿಲ್ಲದು. ಆಟವನ್ನು ಹೊಂದಿಸುವುದು ಮೂರು ತೆಳು ಲೋಹದ ಬಳೆಗಳು, ಅಂದರೆ ಶಿಮ್‌ಗಳು, ಎರಡೂ ಅಲ್ಲ, ನಾಲ್ಕೂ ಅಲ್ಲ. ಸೀಲು ಹಾಕದೆ ಎರಡು ಶಿಮ್ ಇಟ್ಟು ಫ್ಲೈವೀಲ್ ಬಿಗಿದು ಡಯಲ್ ಗೇಜಿನಲ್ಲಿ ಅಳೆದು, ಬಂದ ಅಂಕಿಯಿಂದ 0.10 ಕಳೆದರೆ ಮೂರನೆಯ ಶಿಮ್ಮಿನ ದಪ್ಪ. 0.44 ಬಂದರೆ 0.34ರದ್ದು ಬೇಕು. ಫ್ಲೈವೀಲನ್ನು ಹಿಡಿದಿಡುವ ನಡುವಿನ ಗ್ಲ್ಯಾಂಡ್ ನಟ್ಟಿಗೂ 36 ಮಿ.ಮೀ. ಸಾಕೆಟ್ಟು, ಸುಮಾರು 300 ನ್ಯೂಟನ್ ಮೀಟರ್ ಬಿಗಿ. ಅದರೊಳಗಿನ ಸೂಜಿ ಬೇರಿಂಗಿಗೆ ಒಂದು ಗ್ರಾಂ ಗ್ರೀಸು ಸಾಕು. ಧಾರಾಳವಾಗಿ ಮೆತ್ತಿದ ಗ್ರೀಸು ಕ್ಲಚ್ ಪ್ಲೇಟಿಗೆ ಸಿಡಿದು, ಯಾವುದನ್ನು ತಪ್ಪಿಸಲು ಇಂಜಿನ್ ಇಳಿಸಿದೆವೋ ಅದನ್ನೇ ತರುತ್ತದೆ.

ಮೂತಿಯ ಗೇರ್ ರಾಡ್ ಬಳಿ ಜಿನುಗುವುದನ್ನು ಬಿಟ್ಟುಬಿಡಿ. ಅದನ್ನು ಸರಿಮಾಡಲು ಮೂತಿ ಬಿಚ್ಚಬೇಕು, ಮೂತಿ ಬಿಚ್ಚಲು ಗೇರ್‌ಬಾಕ್ಸನ್ನೇ ಹೊರತೆಗೆಯಬೇಕು. ಸ್ವಿಂಗ್ ಆಕ್ಸಲ್ ಗಾಡಿಯಲ್ಲಿ ಅದರರ್ಥ ಹಿಂಬದಿಯ ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಕೊಳವೆಗಳೆಲ್ಲ ಬಿಚ್ಚುವುದು. ಗೇರ್‌ಬಾಕ್ಸ್ ಬೇರೆ ಕಾರಣಕ್ಕೆ ಹೊರಬಂದಾಗ ನೋಡಿಕೊಳ್ಳಬಹುದು. ಸಿವಿ ಜಾಯಿಂಟಿನ ಗಾಡಿಯ ಫ್ಲ್ಯಾಂಜ್ ಸೀಲು ಇದಕ್ಕೆ ತದ್ವಿರುದ್ಧ, ಒಂದು ಮಧ್ಯಾಹ್ನದ ಕೆಲಸ. ಜಾಯಿಂಟಿನ ಆರು ಬೋಲ್ಟು ಬಿಚ್ಚಿ, ನಡುವಿನ ಮುಚ್ಚಳ ತೂತುಮಾಡಿ ಕಿತ್ತು, ಸರ್ಕ್ಲಿಪ್ ತೆಗೆದರೆ ಫ್ಲ್ಯಾಂಜ್ ಕೈಗೆ ಬರುತ್ತದೆ. ಹೊಸ ಮುಚ್ಚಳ ಮೊದಲೇ ತಂದಿಟ್ಟುಕೊಳ್ಳಿ. ತೊಟ್ಟಿಕ್ಕತೊಡಗಿದರೆ ತಡಮಾಡದೆ ಬದಲಿಸಿ.

ಬೀಟಲ್ ಭಾರತದಲ್ಲಿ ತಯಾರಾದ ಗಾಡಿಯಲ್ಲ, ಹೀಗಾಗಿ ಸೀಲು ಹುಡುಕುವುದೂ ಈ ತೀರ್ಮಾನದ ಭಾಗ. ಸೀಲಿನ ಮೈಮೇಲೆ ಒಳವ್ಯಾಸ, ಹೊರವ್ಯಾಸ, ಅಗಲ ಮಿಲಿಮೀಟರಿನಲ್ಲಿ ಅಚ್ಚಾಗಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅದೇ ಅಳತೆಯದು ಸಿಗಬಹುದು. ಆದರೆ ಅಳತೆ ಕೂಡಿದರೆ ಸಾಲದು. ಕೆಲವು ಸೀಲುಗಳ ತುಟಿಯಲ್ಲಿ ಓರೆ ಗೀರುಗಳಿರುತ್ತವೆ, ಶಾಫ್ಟ್ ಒಂದು ದಿಕ್ಕಿಗೆ ತಿರುಗಿದಾಗ ಎಣ್ಣೆಯನ್ನು ಒಳಕ್ಕೆ ತಳ್ಳಲೆಂದು. ದಿಕ್ಕು ತಪ್ಪಿದರೆ ಅದೇ ಸೀಲು ಎಣ್ಣೆಯನ್ನು ಹೊರಕ್ಕೆ ಪಂಪು ಮಾಡುತ್ತದೆ. ಕಿತ್ತಳೆ ಬಣ್ಣದ ಸಿಲಿಕೋನ್ ಸೀಲು ಫ್ಲೈವೀಲಿನ ಬಿಸಿಗೆ ಒಳ್ಳೆಯದು, ಗೇರ್ ಆಯಿಲಿನ ಗಂಧಕದ ರಾಸಾಯನಿಕಗಳಿಗೆ ತಾಳುವುದಿಲ್ಲ. ಗೇರ್‌ಬಾಕ್ಸಿಗೆ ನೈಟ್ರೈಲ್ ರಬ್ಬರ್ ಸರಿ, ವೈಟಾನ್ ರಬ್ಬರ್ ಸಿಕ್ಕರೂ ಸರಿ. ನಲವತ್ತು ವರ್ಷ ಪೊಟ್ಟಣದಲ್ಲೇ ಇದ್ದ ‘ಅಸಲಿ ಹಳೇ ಸ್ಟಾಕ್’ ಸೀಲಿಗೆ ಹೆಚ್ಚು ಹಣ ಕೊಡುವುದು ಬೇಡ. ರಬ್ಬರಿಗೆ ವಯಸ್ಸಾಗುವುದು ಪೊಟ್ಟಣದೊಳಗೂ ನಿಲ್ಲುವುದಿಲ್ಲ.

ಸೋರಿಕೆ ನಿಲ್ಲಿಸುತ್ತೇನೆಂದು ಬಾಟಲಿಯಲ್ಲಿ ಬರುವ ದ್ರವ ರಬ್ಬರನ್ನು ಉಬ್ಬಿಸುತ್ತದೆ. ಕೆಲಕಾಲ ಎಣ್ಣೆ ನಿಲ್ಲಬಹುದು, ಆಮೇಲೆ ರಬ್ಬರು ಮೆತ್ತಗಾಗಿ ಹರಿಯುತ್ತದೆ. ಗೇರ್‌ಬಾಕ್ಸಿನಲ್ಲಿ ನಾನದನ್ನು ಒಪ್ಪುವುದಿಲ್ಲ. ವರ್ಷಗಟ್ಟಲೆ ನಿಂತಿದ್ದ ಗಾಡಿಗೆ ಮಾತ್ರ ಸ್ವಲ್ಪ ಸಮಯ ಕೊಡಬೇಕು. ತುಟಿ ಒಣಗಿ ಶಾಫ್ಟಿಗೆ ಅಂಟಿಕೊಂಡಿರುತ್ತದೆ, ಮೊದಲ ಓಟಗಳಲ್ಲಿ ತೊಟ್ಟಿಕ್ಕುತ್ತದೆ. ಬ್ರೇಕಿಗೆ ಎಣ್ಣೆ ಹೋಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮಟ್ಟ ನೋಡುತ್ತಾ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ. ಕೆಲವು ಸೀಲುಗಳು ಎಣ್ಣೆ ಕುಡಿದು ಮತ್ತೆ ಹಿಡಿದುಕೊಳ್ಳುತ್ತವೆ. ಹಿಡಿಯದಿದ್ದರೆ ಬದಲಿಸುವ ದಿನ ಬಂದಿದೆ.

ಸೀಲು ಬದಲಿಸಿ ಎಣ್ಣೆ ತುಂಬುವಾಗ ಒಂದು ಮೋಸ ಕಾದಿರುತ್ತದೆ. ಮೊದಲು 17 ಮಿ.ಮೀ. ಷಡ್ಭುಜದ ಕೀಲಿಯಿಂದ ಪಕ್ಕದ ತುಂಬುವ ಮುಚ್ಚಳ ಸಡಿಲಿಸಿ, ಆಮೇಲೆ ಕೆಳಗಿನದನ್ನು ಬಿಚ್ಚಿ. ಎಣ್ಣೆ ಖಾಲಿಮಾಡಿದ ಮೇಲೆ ತುಂಬುವ ಮುಚ್ಚಳ ಜಪ್ಪಯ್ಯ ಎಂದರೂ ಬಿಚ್ಚದಿದ್ದರೆ ಗಾಡಿ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಎಣ್ಣೆ ಜಿಎಲ್-4 ದರ್ಜೆಯದು ಇರಲಿ, ಗೇರು ಸಲೀಸಾಗಿ ಬೀಳಲು ನೆರವಾಗುವ ಹಳೆಯ ಸಿಂಕ್ರೊ ಬಳೆಗಳ ಹಿತ್ತಾಳೆಗೆ ಅದೇ ಸುರಕ್ಷಿತ. ಗಾಡಿ ಮಟ್ಟಸವಾಗಿ ನಿಂತಿರಬೇಕು. ಅವಸರದಲ್ಲಿ ಸುರಿದರೆ ಒಂದು ಒಂದೂವರೆ ಲೀಟರಿಗೇ ತೂತಿನಿಂದ ಉಕ್ಕಿ, ತುಂಬಿತು ಎನ್ನಿಸುತ್ತದೆ. ಆ ದಪ್ಪ ಎಣ್ಣೆ ಒಳಗೆ ಹರಡಿ, ಸ್ವಿಂಗ್ ಆಕ್ಸಲ್ಲಿನಲ್ಲಿ ಕೊಳವೆಗಳಿಗೂ ಇಳಿಯಲು ಹೊತ್ತು ಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಸುರಿಯಿರಿ, ಮತ್ತೆ ಬಿಡಿ, 2.5 ಲೀಟರ್ ಒಳಹೋಗುವವರೆಗೆ. ಎಣ್ಣೆ ತೂತಿನ ಕೆಳಅಂಚಿಗೆ ಬಂದು ನಿಂತಾಗ ಮುಚ್ಚಳ ಹಾಕಿ. ಅದಕ್ಕೆ 20 ನ್ಯೂಟನ್ ಮೀಟರ್ ಬಿಗಿ ಸಾಕು. ಮರುದಿನ ಬೆಳಗ್ಗೆ ಕೆಳಗೆ ಹೊಸ ರಟ್ಟು ಹಾಸಿ, ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.